ಹೋಂ ಸ್ಕೂಲ್ ಅಚ್ಯುತ ಮುರುಗಮಲ್ಲದಲ್ಲಿ ಸಿಕ್ಕಿಬಿದ್ದದ್ದು

ಶಿಡ್ಲಘಟ್ಟದ ಗೃಹಪ್ರವೇಶದ ಊಟದಲ್ಲಿ ಅಚ್ಯುತ ಆ ಮಾತು ಆಡದೇ ಇದ್ದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಆದರೆ ಎಲೆಯ ಮೇಲೆ ಹೋಳಿಗೆ ಬಿದ್ದಿತ್ತು, ಹೋಳಿಗೆಯ ಮೇಲೆ ತುಪ್ಪ ಬಿದ್ದಿತ್ತು, ಎದುರು ಪಂಕ್ತಿಯಲ್ಲಿ ಭಾವ ಶ್ರೀಕರ ಕೂತಿದ್ದ. ಇವಿಷ್ಟೂ ಒಟ್ಟಿಗೆ ಸೇರಿದರೆ ಅಚ್ಯುತನ ನಾಲಗೆ ಅವನ ಹತೋಟಿಯಲ್ಲಿ ಉಳಿಯುತ್ತಿರಲಿಲ್ಲ.

ಶ್ರೀಕರ ಅಚ್ಯುತನ ಹೆಂಡತಿ ಪಂಕಜಳ ಅಣ್ಣ. ಚಿಕ್ಕಬಳ್ಳಾಪುರದಲ್ಲಿ ಔಷಧದ ಹೋಲ್‌ಸೇಲ್ ಅಂಗಡಿ, ಮನೆ ಮುಂದೆ ದೊಡ್ಡ ಕಾರು, ಮಗನಿಗೆ ಉದ್ದ ಹೆಸರಿನ ಇಂಟರ್‌ನ್ಯಾಷನಲ್ ಶಾಲೆ. ಅಚ್ಯುತನೋ ಚಿಂತಾಮಣಿಯ ರೇಷ್ಮೆ ಇಲಾಖೆಯ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಪ್ರಥಮ ದರ್ಜೆಗೆ ಬಡ್ತಿ ಇವತ್ತು ನಾಳೆ ಎನ್ನುತ್ತಾ ಬಹಳ ಕಾಲದಿಂದ ಬರುತ್ತಲೇ ಇತ್ತು.

"ನಮ್ಮ ಹುಡುಗ ಸ್ಕೂಲಲ್ಲೇ ರೋಬೋಟ್ ಮಾಡ್ತಾನೆ ಕಣಪ್ಪ," ಎಂದ ಶ್ರೀಕರ, ಮಜ್ಜಿಗೆ ಬಡಿಸುವವರಿಗೂ ಕೇಳುವಂತೆ. "ಕೈ ಎತ್ತು ಅಂದ್ರೆ ಎತ್ತುತ್ತೆ, ಇಳಿಸು ಅಂದ್ರೆ ಇಳಿಸುತ್ತೆ. ನಿನ್ನ ಮಕ್ಕಳು ಏನ್ಮಾಡ್ತಾರೆ? ಇನ್ನೂ ಮಗ್ಗಿ ಉರು ಹೊಡೀತಾ ಇದಾರಾ?"

ಆ ವಾರವೇ ಅಚ್ಯುತ ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದ. ಗಡ್ಡ ಬಿಟ್ಟವರೊಬ್ಬರು ಮಾವಿನ ಮರದ ಕೆಳಗೆ ಕೂತು, ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಿ, ಸ್ವಂತ ಬುದ್ಧಿಯಿಂದ ಯೋಚಿಸುವವರನ್ನಾಗಿ ಬೆಳೆಸುವುದು ಹೇಗೆಂದು ವಿವರಿಸಿದ್ದರು. ವಿಡಿಯೊ ಮುಗಿಯುವ ಮೊದಲೇ ಅಚ್ಯುತನಿಗೆ ನಿದ್ದೆ ಬಂದಿತ್ತು. ಎಚ್ಚರವಿದ್ದಷ್ಟು ಹೊತ್ತು ನೋಡಿದ್ದು ಮಾತ್ರ ಬಹಳ ಹಿಡಿಸಿತ್ತು.

"ನಮ್ಮ ಮಕ್ಕಳನ್ನ ಜೂನಿಂದ ಸ್ಕೂಲಿಗೇ ಕಳಿಸಲ್ಲ ಭಾವ," ಎಂದುಬಿಟ್ಟ. "ಹೋಂ ಸ್ಕೂಲಿಂಗು. ರೋಬೋಟು ಹೇಳಿದ್ದು ಕೇಳುತ್ತೆ. ನಮ್ಮ ಮಕ್ಕಳು ತಾವೇ ಯೋಚನೆ ಮಾಡ್ತಾರೆ. ಜೀವನಕ್ಕೆ ಬೇಕಾದ್ದನ್ನೆಲ್ಲ ನಾನೇ ಹೇಳಿಕೊಡ್ತೀನಿ."

ಆಚೆ ಹೆಂಗಸರ ಸಾಲಿನಲ್ಲಿ ಪಂಕಜ ಬಾಯಿಗೆ ಒಯ್ದ ತುತ್ತನ್ನು ಅಲ್ಲೇ ನಿಲ್ಲಿಸಿದಳು. ಜೀವನಕ್ಕೆ ಬೇಕಾದ್ದನ್ನೆಲ್ಲ ಹೇಳಿಕೊಡಲು ಹೊರಟ ಈ ಮಹಾಶಯ, ಹಾಲು ಉಕ್ಕಿದರೆ ಸ್ಟೌ ಆರಿಸದೆ "ಪಂಕಜಾ, ಹಾಲು!" ಎಂದು ಕೂಗುವವನು.

ಚಿಂತಾಮಣಿಗೆ ವಾಪಸು ಬರುವಾಗ ಪಂಕಜ ಬಸ್ಸಿನ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಊರು ಹತ್ತಿರ ಬಂದಾಗ ಹೇಳಿದಳು. "ರೀ, ಅಷ್ಟು ಜನದ ಮುಂದೆ ಹೇಳಿದೀರ. ಇನ್ನು ಮಾಡಿ ತೋರಿಸಿ. ಬೇಸಿಗೆ ರಜಾ ಇದೆಯಲ್ಲ, ಹೇಳ್ಕೊಡಿ. ಜೂನ್ ಬಂದಾಗ ಸ್ಕೂಲೋ ಮನೆಯೋ ಅಂತ ನಾನು ಮಕ್ಕಳನ್ನೇ ಕೇಳ್ತೀನಿ."

"ಕೇಳು, ಕೇಳು. ಅದೇ ತಾನೇ ನಮ್ಮ ಪದ್ಧತಿ," ಎಂದ ಅಚ್ಯುತ. ಪದ್ಧತಿ ಹುಟ್ಟಿ ಇನ್ನೂ ಅರ್ಧ ದಿನವಾಗಿರಲಿಲ್ಲ.

ಮಕ್ಕಳು ಇಬ್ಬರು. ಮಹತಿ ಏಳನೇ ಕ್ಲಾಸಿಗೆ ಹೋಗಬೇಕಾದವಳು, ಅಕ್ಷಯಾ ನಾಲ್ಕಕ್ಕೆ. ಮಾರನೆಯ ಬೆಳಗ್ಗೆ ಅಚ್ಯುತ ಇಬ್ಬರನ್ನೂ ನಡುಮನೆಯಲ್ಲಿ ಕೂರಿಸಿಕೊಂಡು ಗಂಟಲು ಸರಿಮಾಡಿಕೊಂಡ.

"ಮೊದಲನೇ ಪಾಠ. ಯಾರು ಏನು ಹೇಳಿದ್ರೂ ಸುಮ್ನೆ ನಂಬಬಾರದು. ನಾನು ಹೇಳಿದ್ರೂ ಅಷ್ಟೆ. ಯೋಚನೆ ಮಾಡಬೇಕು, ಕಾರಣ ಕೇಳಬೇಕು."

"ಯಾಕೆ?" ಎಂದಳು ಅಕ್ಷಯಾ.

"ಯಾಕೆ ಅಂದ್ರೆ... ನಾನು ಹೇಳ್ತಾ ಇದೀನಲ್ಲ, ಅದಕ್ಕೆ."

ಮಕ್ಕಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಠ ಅಲ್ಲಿಗೆ ಮುಗಿಯಿತು.

ಎರಡನೆಯದು ಪ್ರಾಯೋಗಿಕ ಪಾಠ. ಬಚ್ಚಲಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಅದರ ವಾಷರ್ ಬದಲಾಯಿಸುವುದು. ಅಚ್ಯುತ ಸ್ಪ್ಯಾನರ್ ಹಿಡಿದು, "ನೋಡಿ ಮಕ್ಕಳೇ, ಹೀಗೆ ಎಡಕ್ಕೆ ತಿರುಗಿಸಬೇಕು," ಎಂದು ತಿರುಗಿಸಿದ. ನಲ್ಲಿಯ ತಲೆ ಕೈಗೆ ಬಂತು. ಅದರ ಹಿಂದೆಯೇ ಓವರ್‌ಹೆಡ್ ಟ್ಯಾಂಕಿನಲ್ಲಿದ್ದ ನೀರೂ ಬಂತು. ಅಚ್ಯುತ ಎರಡೂ ಅಂಗೈ ಒತ್ತಿ ಹಿಡಿದು "ಪಂಕಜಾ, ನೀರು!" ಎಂದು ಕೂಗಿದ. ಅಂಗಳ ದಾಟಿದ ನೀರು ಪಕ್ಕದ ಮನೆಯ ಮುನಿಗಂಗಮ್ಮ ಚಾಪೆಯ ಮೇಲೆ ಒಣಹಾಕಿದ್ದ ಸಂಡಿಗೆಯನ್ನು ತಲುಪಿತು.

"ಅಚ್ಯುತಪ್ಪೋ! ನಿಮ್ಮನೇಲೇನು ಅಭಿಷೇಕ ನಡೀತೈತಾ?" ಕಾಂಪೌಂಡಿನ ಆಚೆಯಿಂದ ಮುನಿಗಂಗಮ್ಮನ ದನಿ. "ನಮ್ಮ ಸಂಡಿಗೆ ಎಲ್ಲಾ ತೇಲ್ಕೊಂಡು ಓಯ್ತಾವೆ!"

"ಪಾಠ ನಡೀತಾ ಇದೆ ಮುನಿಗಂಗಮ್ಮನವರೇ!"

"ಯಾವ್ ಸಬ್ಜೆಕ್ಟಪ್ಪಾ, ಕೆರೆ ಕಟ್ಟೋದಾ?"

ಅಷ್ಟರಲ್ಲಿ ನೀರು ತಾನಾಗಿ ನಿಂತಿತು. ಅಚ್ಯುತ ತನ್ನ ಅಂಗೈಯನ್ನು ಮೆಚ್ಚುಗೆಯಿಂದ ನೋಡಿಕೊಂಡ. ನಿಜದಲ್ಲಿ ಅಕ್ಷಯಾ ಮಹಡಿ ಮೆಟ್ಟಿಲು ಹತ್ತಿ ಟ್ಯಾಂಕಿನ ವಾಲ್ವ್ ತಿರುಗಿಸಿದ್ದಳು. ಮಹತಿ ಹಳೆಯ ವಾಷರನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ಅಳತೆಯದು ತಂದು, ಅಂಗಡಿಯವರನ್ನು ಕೇಳಿ ತಿಳಿದುಕೊಂಡಂತೆ ಕೂರಿಸಿದಳು. ನಲ್ಲಿ ಅವತ್ತಿನಿಂದ ತೊಟ್ಟಿಕ್ಕಲಿಲ್ಲ.

ಅಚ್ಯುತನ ಪದ್ಧತಿಯ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಗುರುವಿಗೆ ಏನೂ ಗೊತ್ತಿಲ್ಲದ ಕಾರಣ ಶಿಷ್ಯರು ತಾವೇ ಕಂಡುಕೊಳ್ಳಬೇಕಾಗುತ್ತಿತ್ತು. ಅವನು ಉಪ್ಪಿಟ್ಟು ಕಲಿಸಲು ಹೋಗಿ ಪಾತ್ರೆ ಸೀಯಿಸಿದ, ಅವರು ಉಪ್ಪಿಟ್ಟನ್ನೂ ಕಲಿತರು, ಸೀದ ಪಾತ್ರೆ ಉಜ್ಜುವುದನ್ನೂ ಕಲಿತರು. ಅವನು ಟೊಮೆಟೊ ಮಂಡಿಯಲ್ಲಿ ಚೌಕಾಸಿ ಕಲಿಸಲು ಹೋಗಿ, ಗಾಬರಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇನೆಂದ. ಮಹತಿ ಅವನ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿ ತಾನೇ ಮಾತಾಡಿದಳು.

ಅಚ್ಯುತನ ತಂದೆ ಅನಂತರಾಮಯ್ಯ ಜೀವಮಾನವೆಲ್ಲ ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿ, ಹೆಡ್‌ಮಾಸ್ಟರಾಗಿ ನಿವೃತ್ತರಾಗಿ, ಈಗ ಮಗನ ಮನೆಯ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು.

"ಪಂಕಜಮ್ಮ," ಎಂದರು ಒಂದು ದಿನ ಸೊಸೆಗೆ, "ಇವನು ಸ್ಕೂಲಿಗೆ ಹೋಗಿಯೇ ಹೀಗಾದ. ಹೋಗದೇ ಇದ್ದಿದ್ರೆ ಏನಾಗಿರ್ತಿದ್ದ, ಸ್ವಲ್ಪ ಯೋಚನೆ ಮಾಡು."

ಮೇ ತಿಂಗಳಲ್ಲಿ ಶ್ರೀಕರ ಕಾರು ಹಾಕಿಕೊಂಡು ಬಂದ. ಮಹತಿ ಮಾಡಿದ ಉಪ್ಪಿಟ್ಟು ತಿಂದ, ಇನ್ನೊಂದು ಸಲ ಹಾಕಿಸಿಕೊಂಡ, ಆಮೇಲೆ ತಕರಾರು ತೆಗೆದ.

"ಮನೆಯೊಳಗೆ ಎಲ್ಲಾ ಸರಿ ಅಚ್ಯುತ. ಹೊರಗಡೆ? ಇಬ್ಬರೇ ಬಸ್ಸಲ್ಲಿ ಎಲ್ಲಿಗಾದ್ರೂ ಹೋಗಿ ಬರ್ತಾರಾ?"

"ಓಹೋ! ಎಲ್ಲಿಗೆ ಬೇಕಾದ್ರೂ," ಎಂದ ಅಚ್ಯುತ. ಹೇಳಿದ ಮೇಲೆ ಒಂದು ಲೋಟ ನೀರು ಪೂರ್ತಿ ಕುಡಿದ.

"ಮುರುಗಮಲ್ಲಕ್ಕೆ ಹೋಗಿ ಬರಲಿ," ಎಂದಳು ಪಂಕಜ, ಯಾರೂ ಕೇಳದಿದ್ದರೂ. "ಅಲ್ಲಿ ಟೈಲರ್ ಪವಿತ್ರ ಇದಾಳಲ್ಲ, ಅವಳಿಗೆ ನನ್ನ ರವಿಕೆ ಬಟ್ಟೆ ಕೊಟ್ಟು, ಅಳತೆ ಹೇಳಿ ಬರಬೇಕು. ಭಾನುವಾರ ಹೋಗ್ಲಿ."

"ಹೋಗ್ತೀವಿ," ಎಂದಳು ಮಹತಿ. "ಆದ್ರೆ ಯಾರೂ ಹಿಂದೆ ಬರಬಾರದು. ಬಂದ್ರೆ ಅದು ನಾವೇ ಹೋದ ಹಾಗಲ್ಲ. ಮಾತು ಕೊಡಿ."

ಅಂಗೈ ಚಾಚಿದಳು. ಅಚ್ಯುತ ಅದರ ಮೇಲೆ ಕೈಯಿಟ್ಟು ಮಾತು ಕೊಟ್ಟ. ಶ್ರೀಕರ ನಗುತ್ತಾ ಕೊಟ್ಟ. ಜಗಲಿಯಿಂದ ಅನಂತರಾಮಯ್ಯನವರೂ ಎದ್ದು ಬಂದು ಗಂಭೀರವಾಗಿ ಕೊಟ್ಟರು. ಪಂಕಜ ಮಾತ್ರ, "ನನಗೆ ಭಾನುವಾರ ಮಧ್ಯಾಹ್ನ ಒಂದು ನಿದ್ದೆ ಸಿಕ್ಕರೆ ಸಾಕು, ನಾನ್ಯಾಕೆ ಬರಲಿ?" ಎಂದು ಒಳಗೆ ಹೋದಳು.

ಭಾನುವಾರ ಬೆಳಗ್ಗೆ ಅಚ್ಯುತ, "ಆಫೀಸಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ರಿಪೋರ್ಟು, ಇವತ್ತೂ ಬರಬೇಕಂತೆ," ಎಂದು ಮಕ್ಕಳಿಗಿಂತ ಮೊದಲೇ ಮನೆ ಬಿಟ್ಟ. ಮಾತು ತಪ್ಪುವ ಉದ್ದೇಶ ಅವನಿಗೆ ಇರಲಿಲ್ಲ. ಹಿಂದೆ ಬರುವುದಿಲ್ಲ ಎಂದಿದ್ದ. ಅದೇ ಬಸ್ಸಿನಲ್ಲಿ, ಹಿಂದಿನ ಸೀಟಿನಲ್ಲಿ, ಬೇರೆ ಮನುಷ್ಯನಾಗಿ ಕೂರುವುದಿಲ್ಲ ಎಂದಿರಲಿಲ್ಲ. ಬಸ್ ನಿಲ್ದಾಣದ ಶೌಚಾಲಯದ ಹಿಂದೆ ನಿಂತು, ಚೀಲದಿಂದ ಅಪ್ಪನ ಮಂಕಿ ಕ್ಯಾಪ್ ತೆಗೆದು ಹಾಕಿಕೊಂಡ. ಕಪ್ಪು ಕನ್ನಡಕ ಹಾಕಿಕೊಂಡ. ಮೂಗಿನ ಮೇಲೆ ಮಾಸ್ಕ್ ಎಳೆದುಕೊಂಡ. ಮೇ ತಿಂಗಳ ಚಿಂತಾಮಣಿಯ ಬಿಸಿಲಿನಲ್ಲಿ ತಾನು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಅವನಿಗೆ ದೃಢವಾದ ನಂಬಿಕೆ ಬಂತು.

ಮುರುಗಮಲ್ಲದ ಬಸ್ಸು ಯಾವಾಗಲೂ ನಿಲ್ಲುವ ಜಾಗದಲ್ಲಿ ಒಂದು ಬಸ್ಸು ನಿಂತಿತ್ತು. ಅಚ್ಯುತ ಹತ್ತಿ ಕಿಟಕಿ ಪಕ್ಕ ಕೂತ. ಮಕ್ಕಳು ಬಂದರು. ಬಸ್ಸನ್ನು ನೋಡಿದರು. ಹತ್ತಲಿಲ್ಲ. ಮಹತಿ ಒಬ್ಬ ಕಂಡಕ್ಟರನ್ನು ಕೇಳಿದಳು, ಅಷ್ಟು ಸಾಲದೆಂದು ಹೂ ಮಾರುವವಳನ್ನೂ ಕೇಳಿದಳು. ಇಬ್ಬರೂ ನಿಲ್ದಾಣದ ಆ ತುದಿಗೆ ಕೈ ತೋರಿಸಿದರು. ಮಕ್ಕಳು ಅತ್ತ ನಡೆದರು. ಅಚ್ಯುತನ ಬಸ್ಸು ಹೊರಟಿತು.

"ರೀ, ಇದು ಎಲ್ಲಿಗೆ?" ಎಂದು ಪಕ್ಕದವರನ್ನು ಕೇಳಿದ.

"ಕೆಂಚಾರ್ಲಹಳ್ಳಿ."

ಚಲಿಸುವ ಬಸ್ಸಿನಿಂದ ಹಾರಿ, ಮಂಕಿ ಕ್ಯಾಪಿನ ಮನುಷ್ಯನೊಬ್ಬ ಎರಡೂ ಕೈ ಬೀಸುತ್ತ ಇಡೀ ನಿಲ್ದಾಣವನ್ನು ಅಡ್ಡಲಾಗಿ ಓಡಿದ್ದನ್ನು ಅವತ್ತು ಅಲ್ಲಿದ್ದವರೆಲ್ಲ ನೋಡಿದರು. ಮಕ್ಕಳು ಮಾತ್ರ ನೋಡಲಿಲ್ಲ. ಅವರು ಮುಂದಿನ ಸೀಟಿನಲ್ಲಿ ಕೂತು, ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ಟನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅಚ್ಯುತ ಹಿಂಬಾಗಿಲಿನಿಂದ ನುಸುಳಿ ಕಂಬಿ ಹಿಡಿದು ನಿಂತ.

"ಎಲ್ಲಿಗ್ರೀ?" ಎಂದ ಕಂಡಕ್ಟರ್.

ಬಾಯಿ ಬಿಟ್ಟರೆ ಮಕ್ಕಳಿಗೆ ದನಿ ಗೊತ್ತಾಗುತ್ತದೆ. ಅಚ್ಯುತ ಮುಂದಕ್ಕೆ ಕೈ ತೋರಿಸಿದ.

"ಮುಂದಕ್ಕೇ ಹೋಗೋದು ಸ್ವಾಮಿ, ಬಸ್ಸು ಹಿಂದಕ್ಕೆ ಹೋಗಲ್ಲ. ಊರು ಯಾವುದು?"

ಅಚ್ಯುತ ಕಣ್ಣು ಮುಚ್ಚಿ, ಕೈ ಜೋಡಿಸಿ, ಮುರುಗಮಲ್ಲದ ದರ್ಗಾಕ್ಕೆ ಎಂದು ಸೂಚಿಸಲು ತಲೆ ಬಾಗಿದ.

"ಕೈವಾರದ ಮಠಕ್ಕಾ? ಈ ಬಸ್ಸು ಕೈವಾರಕ್ಕೆ ಹೋಗಲ್ಲ, ಇಳೀರಿ ಕೆಳಗೆ!"

ಅಷ್ಟರಲ್ಲಿ ಹಿಂದಿನ ಸೀಟಿನಿಂದ, ತೆಲುಗು ಬೆರೆತ ಮಾತಿನ ಗಂಗುಲಮ್ಮ ಎಂಬ ಹಿರಿಯ ಹೆಂಗಸು ಎದ್ದು ನಿಂತಳು. "ಅಯ್ಯೋ ಪಾಪಂ! ಬಾಯ್ ಬರಾಕಿಲ್ಲ ಕಣಪ್ಪಾ ಆತನಿಗೆ! ಮುರುಗಮಲ್ಲಕ್ಕೆ ಹರಕೆ ಒಪ್ಪಿಸಾಕೆ ಹೊಂಟವ್ನೆ. ಅಷ್ಟೂ ತಿಳಿಯಲ್ವಾ ನಿಂಗೆ? ಅವುನಾ ನಾಯನಾ?"

ಅಚ್ಯುತ ಜೋರಾಗಿ ತಲೆಯಾಡಿಸಿದ. ಬೇರೆ ದಾರಿ ಇರಲಿಲ್ಲ.

"ಕೂಚೋ ನಾಯನಾ, ಕೂಚೋ," ಎಂದು ಗಂಗುಲಮ್ಮ ಪಕ್ಕದಲ್ಲಿದ್ದವರನ್ನು ಎಬ್ಬಿಸಿ ಅವನನ್ನು ಕೂರಿಸಿದಳು. ಮಡಿಲಿನಿಂದ ಸೀಬೆಹಣ್ಣು ತೆಗೆದು ಕೊಟ್ಟಳು. ತನಗೆ ಗೊತ್ತಿದ್ದ ಮಾತು ಬಾರದವರ ಕಥೆಯನ್ನೆಲ್ಲ, ಅವನಿಗೆ ಕಿವಿಯೂ ಕೇಳುವುದಿಲ್ಲವೇನೋ ಎಂಬಂತೆ, ಗಟ್ಟಿ ದನಿಯಲ್ಲಿ ಹೇಳುತ್ತಾ ಹೋದಳು. ಅರ್ಧ ಬಸ್ಸು ಅವನನ್ನು ಕರುಣೆಯಿಂದ ನೋಡಿತು. ಅಚ್ಯುತ ಮಾಸ್ಕ್ ಕೆಳಗಿನಿಂದ ಸೀಬೆಹಣ್ಣು ತೂರಿಸಿಕೊಂಡು ತಿಂದ.

ಮುರುಗಮಲ್ಲದಲ್ಲಿ ಇಳಿದ ಮಕ್ಕಳು ಅತ್ತಿತ್ತ ನೋಡಿ, ಒಂದು ಅಂಗಡಿಯಲ್ಲಿ ದಾರಿ ಕೇಳಿಕೊಂಡು ಪವಿತ್ರಳ ಮನೆಗೆ ಹೋದರು. ರವಿಕೆ ಬಟ್ಟೆ ಕೊಟ್ಟರು, ತೋಳು ಉದ್ದ ಎಷ್ಟು, ಕುತ್ತಿಗೆ ಹೇಗೆ ಎಂದು ಹೇಳಿದರು, ಅವಳು ಕೊಟ್ಟ ಪಾನಕ ಕುಡಿದರು, ಹೊರಗೆ ಬಂದರು. ಇಷ್ಟೂ ಹೊತ್ತು ದರ್ಗಾ ರಸ್ತೆಯ ಅಂಗಡಿ ಸಾಲಿನಲ್ಲಿ ಕಪ್ಪು ಕನ್ನಡಕವೊಂದು ಆಟಿಕೆಗಳ ಹಿಂದಿನಿಂದ ಮಿಠಾಯಿ ಬುಟ್ಟಿಯ ಹಿಂದಕ್ಕೆ, ಮಿಠಾಯಿಯಿಂದ ಬಳೆ ಸರದ ಹಿಂದಕ್ಕೆ ಜರುಗುತ್ತಿತ್ತು. ಬಳೆ ಅಂಗಡಿ ಚಾಂದ್ ಪಾಷಾರದು.

ಪಾಷಾ ಮೊದಲಿಂದಲೇ ಗಮನಿಸುತ್ತಿದ್ದರು. ಹುಡುಗಿಯರು ನಿಂತರೆ ಇವನು ನಿಲ್ಲುತ್ತಾನೆ, ನಡೆದರೆ ನಡೆಯುತ್ತಾನೆ. ಮೆಲ್ಲಗೆ ಹಿಂದಿನಿಂದ ಬಂದು ಮಂಕಿ ಕ್ಯಾಪಿನ ತುದಿ ಹಿಡಿದೆತ್ತಿದರು.

"ಏ ಭಾಯ್! ಯಾರು ನೀನು? ಬಚ್ಚಿಯೋಂ ಹಿಂದೆ ಯಾಕೆ ಬಿದ್ದಿದೀಯಾ?"

"ಬಿಡ್ರೀ! ಅವು ನನ್ನ ಮಕ್ಕಳು!" ಎಂದು ಅಚ್ಯುತ ಕಿರುಚಿದ.

ದರ್ಗಾಕ್ಕೆ ಹೂ ಕೊಳ್ಳುತ್ತಿದ್ದ ಗಂಗುಲಮ್ಮನ ಕೈಯಿಂದ ಹೂ ಬಿತ್ತು. "ಅಯ್ಯಯ್ಯೋ, ಮಾತು ಬಂತು! ಒಳಗೆ ಕಾಲಿಡೋಕ್ ಮುಂಚೇನೇ ಮಾತು ಬಂತು!"

"ಟಿಕೆಟ್ ಕೇಳಿದಾಗ ಬರಲಿಲ್ಲವಲ್ಲ," ಎಂದ ಅಲ್ಲೇ ಟೀ ಕುಡಿಯುತ್ತಿದ್ದ ಕಂಡಕ್ಟರ್.

ನೆರೆದ ಜನ ಎರಡು ಪಕ್ಷವಾಯಿತು. ಒಂದು ಪಕ್ಷ ಇದು ಪವಾಡ ಎಂದಿತು, ಇನ್ನೊಂದು ಇವನು ಮಕ್ಕಳ ಕಳ್ಳ ಎಂದಿತು. ವಾದ ತೀರ್ಮಾನವಾಗಲಿ ಎಂದು ಎರಡೂ ಪಕ್ಷದವರು ಸೇರಿ ಅವನನ್ನು ಪಕ್ಕದ ಪೊಲೀಸ್ ಚೌಕಿಗೆ ಕರೆದುಕೊಂಡು ಹೋದರು. ಗಲಾಟೆ ಕೇಳಿ ಮಕ್ಕಳೂ ಬಂದರು.

ಚೌಕಿಯಲ್ಲಿ ದಫೇದಾರ್ ಬಯ್ಯಪ್ಪ ಊಟದ ಡಬ್ಬಿ ಬಿಚ್ಚುತ್ತಿದ್ದವನು ಮುಚ್ಚಿದ. ಅಚ್ಯುತನ ಕನ್ನಡಕ ತೆಗೆಸಿದ, ಮಾಸ್ಕ್ ತೆಗೆಸಿದ. ಮಕ್ಕಳ ಕಡೆ ಬಗ್ಗಿ ಮೃದುವಾಗಿ ಕೇಳಿದ. "ಹೆದರ್ಕೋಬೇಡ ಪುಟ್ಟಮ್ಮ. ಈವಯ್ಯ ನಿಮ್ಮಪ್ಪ ಅಂತಾನೆ. ಹೌದಾ?"

ಮಹತಿ ಅಚ್ಯುತನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಅವಳ ಕೆನ್ನೆ ಕೆಂಪಗಾಗಿತ್ತು.

"ನಮ್ಮಪ್ಪ ಹಿಂದೆ ಬರಲ್ಲ ಅಂತ ಮಾತು ಕೊಟ್ಟಿದಾರೆ ಸಾರ್. ನಮ್ಮಪ್ಪ ಮಾತು ತಪ್ಪಲ್ಲ. ಇವರು ಹಿಂದೆ ಬಂದಿದಾರೆ. ಹಾಗಿದ್ರೆ ಇವರು ನಮ್ಮಪ್ಪ ಹೇಗಾಗ್ತಾರೆ?"

ಬಯ್ಯಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡ. ಇಷ್ಟು ಸ್ಪಷ್ಟವಾದ ಹೇಳಿಕೆ ಅವನ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ.

"ಮಹತಿ, ನಾನ್ ಕಣೇ!"

"ಯಾರು ಏನು ಹೇಳಿದ್ರೂ ಸುಮ್ನೆ ನಂಬಬಾರದು ಅಂತ ನಮ್ಮಪ್ಪ ಹೇಳ್ಕೊಟ್ಟಿದಾರೆ," ಎಂದಳು ಅಕ್ಷಯಾ, ದಫೇದಾರನಿಗೆ.

"ನೋಡಯ್ಯಾ, ಅಪ್ಪ ಅಂದ್ರೆ ಹಂಗಿರಬೇಕು," ಎಂದು ಬಯ್ಯಪ್ಪ ಅಚ್ಯುತನಿಗೆ ಹೇಳಿದ. "ನಿನ್ನಂಗಲ್ಲ."

ಅಚ್ಯುತ ಜೇಬು ತಡಕಿದ. ಬೇರೆ ಮನುಷ್ಯನಾಗುವ ಉತ್ಸಾಹದಲ್ಲಿ ಗುರುತಿನ ಚೀಟಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಫೋನ್ ತೆಗೆದು ಪಂಕಜಳಿಗೆ ಹಚ್ಚಿದ. ಬಯ್ಯಪ್ಪ ಅದನ್ನು ಕಿತ್ತುಕೊಂಡು ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ.

"ಅಮ್ಮಾ, ಮುರುಗಮಲ್ಲ ಪೊಲೀಸ್ ಚೌಕಿಯಿಂದ. ಗಾಬರಿಯಾಗಬೇಡಿ, ಮಕ್ಕಳು ಚೆನ್ನಾಗವ್ರೆ. ನಿಮ್ಮ ಯಜಮಾನ್ರು ಎಲ್ಲವ್ರೆ?"

ಆ ಕಡೆಯಿಂದ ಪಂಕಜ ಹೇಳಿದಳು. "ಆಫೀಸಿಗೆ ಹೋಗಿದಾರೆ ಸಾರ್. ಗೂಡಿನ ಮಾರುಕಟ್ಟೆ ರಿಪೋರ್ಟು."

"ಇಲ್ಲೊಬ್ಬ ನಾನೇ ಆವಯ್ಯ ಅಂತಾವ್ನೆ."

"ಹೌದಾ? ತಲೆಗೆ ಏನು ಹಾಕಿದಾರೆ?"

"ಮಂಕಿ ಕ್ಯಾಪಮ್ಮ."

"ಈ ಬಿಸಿಲಲ್ಲಿ ಮಂಕಿ ಕ್ಯಾಪ್ ಹಾಕೋ ಅಷ್ಟು ದಡ್ಡರಲ್ಲ ಸಾರ್ ನಮ್ಮನೆಯವರು," ಎಂದಳು ಪಂಕಜ. ಫೋನ್ ಕಟ್ಟಾಯಿತು. ಕಟ್ಟಾಗುವ ಮುಂಚೆ ಯಾರೋ ನಗು ತಡೆದುಕೊಂಡಂತೆ ಕೇಳಿಸಿತು.

"ಫೋನೂ ಕದ್ದಿದ್ದೇನಯ್ಯಾ?" ಎಂದ ಬಯ್ಯಪ್ಪ.

ಆಗ ಅಚ್ಯುತ ಕಿಟಕಿಯಾಚೆ ನೋಡಿದ. ಎದುರಿನ ಅಂಗಡಿಯಲ್ಲಿ ಒಬ್ಬ ಗಿರಾಕಿ ಹಸಿರು ಚಾದರವೊಂದನ್ನು ಮುಖದ ಮುಂದೆ ಅಗಲವಾಗಿ ಹಿಡಿದು ಬಹಳ ಹೊತ್ತಿನಿಂದ ಪರೀಕ್ಷಿಸುತ್ತಿದ್ದ. ಚಾದರದ ಕೆಳಗೆ ಕಾಣುತ್ತಿದ್ದ ಹೊಟ್ಟೆ ಪರಿಚಯದ್ದು.

"ಭಾವಾ!" ಎಂದು ಅಚ್ಯುತ ಆನಂದದಿಂದ ಕೂಗಿದ.

ಹೊಟ್ಟೆ ಒಳಕ್ಕೆ ಹೋಯಿತು. ಚಾಂದ್ ಪಾಷಾ ಹೋಗಿ ಚಾದರ ಸಮೇತ ಶ್ರೀಕರನನ್ನು ಕರೆತಂದರು.

"ನಾನು... ಔಷಧದ ಆರ್ಡರ್ ತಗೊಳ್ಳೋಕೆ ಬಂದಿದ್ದೆ," ಎಂದ ಶ್ರೀಕರ. "ಇವನು ನಮ್ಮ ಭಾವಮೈದುನನೇ ಸಾರ್. ನಾನು ಈ ಮಕ್ಕಳ ಸೋದರಮಾವ."

"ನಮ್ಮ ಮಾಮ ಚಿಕ್ಕಬಳ್ಳಾಪುರದಲ್ಲಿದಾರೆ," ಎಂದಳು ಅಕ್ಷಯಾ. "ಅವರೂ ಮಾತು ಕೊಟ್ಟಿದಾರೆ."

ಬಯ್ಯಪ್ಪ ಶ್ರೀಕರನಿಗೂ ಅದೇ ಬೆಂಚಿನಲ್ಲಿ ಜಾಗ ತೋರಿಸಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಕೂತರು. ಅಷ್ಟು ಹೊತ್ತಿಗೆ ಟೀ ಅಂಗಡಿಯ ಕೋನಪ್ಪ ಒಳಗೆ ಬಂದು ಬೇರೆಯೇ ದೂರು ಕೊಟ್ಟ.

"ದಫೇದಾರ್ರೇ, ಆವಾಗಿಂದ ಒಬ್ಬ ಯಜಮಾನ ನಮ್ಮಂಗಡಿ ಪೇಪರ್ರು ಮುಖಕ್ಕೆ ಅಡ್ಡ ಹಿಡ್ಕೊಂಡ್ ಕೂತವ್ನೆ. ಯಾರಿಗೂ ಕೊಡಲ್ಲ ಅಂತಾನೆ. ಅದೂ ತಲೆಕೆಳಗಾಗಿ ಹಿಡ್ದವ್ನೆ!"

ಬಯ್ಯಪ್ಪ ಹೊರಗೆ ಹೋಗಿ ಪೇಪರ್ ಕೆಳಗಿಳಿಸಿದಾಗ ಅದರ ಹಿಂದೆ ಅನಂತರಾಮಯ್ಯನವರಿದ್ದರು. ಮಕ್ಕಳಿಗಿಂತ ಮುಂಚಿನ ಬಸ್ಸಿಗೇ ಬಂದು ಕೂತಿದ್ದರು. ಅವರು ಯಾವ ಸಬೂಬನ್ನೂ ಹೇಳಲಿಲ್ಲ. ತಾವೇ ಎದ್ದು ಚೌಕಿಗೆ ಬಂದು, ಬಾಗಿಲಲ್ಲಿ ನಿಂತು, ಕ್ಲಾಸಿಗೆ ಹೇಳುವ ದನಿಯಲ್ಲಿ, "ಹೌದು, ಬಂದೆ. ಏನೀಗ?" ಎಂದರು.

"ತಾತ, ನೀವೂನಾ?" ಎಂದಳು ಮಹತಿ.

ಅಲ್ಲಿಯವರೆಗೂ ತುಂಟತನಕ್ಕೋ ಸಿಟ್ಟಿಗೋ ಬಿಗಿಹಿಡಿದಿದ್ದ ಮುಖ ಸಡಿಲವಾಯಿತು. ದಫೇದಾರನ ಕಡೆ ತಿರುಗಿದಳು.

"ಹೌದು ಸಾರ್. ಮೂರೂ ಜನ ನಮ್ಮೋರೇ. ಇವರು ಅಪ್ಪ, ಇವರು ಮಾಮ, ಇವರು ತಾತ. ಕಳ್ಳರಲ್ಲ. ನಾವಿಬ್ಬರೇ ಹೋಗಿ ಬರ್ತೀವಿ ಅಂತ ಒಬ್ಬರಿಗೂ ನಂಬಿಕೆ ಇರಲಿಲ್ಲ, ಅಷ್ಟೆ."

ಪವಾಡದ ಪಕ್ಷದವರೂ ಕಳ್ಳನ ಪಕ್ಷದವರೂ ಈಗ ಒಂದೇ ಪಕ್ಷವಾಗಿ ಬೆಂಚಿನ ಕಡೆ ನೋಡಿದರು.

"ಎರಡು ಹೆಣ್ಮಕ್ಕಳು ತಾವೇ ಓಡಾಡಾಕೆ ಇಷ್ಟ್ ಜನ ಗಂಡಸರು ಬೇಕಾ ನಾಯನಾ?" ಎಂದಳು ಗಂಗುಲಮ್ಮ. "ನನ್ನ ಸೀಬೆಹಣ್ಣು ಬೇರೆ ನೀನು ತಿಂದ್ಬಿಟ್ಟೆ."

"ತಪ್ಪಾಯ್ತು ದಫೇದಾರ್ರೇ," ಎಂದು ಅಚ್ಯುತ ಎದ್ದು ನಿಂತ.

"ನನಗೆ ಹೇಳಬ್ಯಾಡ್ರಿ. ಆ ಮಗಿನ ಕಡೆ ತಿರುಗಿ ಹೇಳಿ."

ಅಚ್ಯುತ ಮಂಕಿ ಕ್ಯಾಪನ್ನು ಕೈಯಲ್ಲಿ ಹಿಂಡುತ್ತಾ ಮಗಳ ಮುಂದೆ ನಿಂತ. ಗಡ್ಡದವರ ವಿಡಿಯೊದಲ್ಲಿ ಇದಕ್ಕೆ ಏನು ಹೇಳಬೇಕೆಂದು ಇದ್ದಿರಬಹುದು, ಆದರೆ ಅಷ್ಟು ಹೊತ್ತಿಗೆ ಅವನು ನಿದ್ದೆ ಹೋಗಿದ್ದ.

"ಭಯ ಆಯ್ತು ಕಣಮ್ಮ," ಎಂದ.

"ನಮಗೂ ಆಯ್ತಪ್ಪ," ಎಂದಳು ಮಹತಿ. "ಆದ್ರೂ ಬಂದ್ವಿ."

ಶ್ರೀಕರ ಕೆಮ್ಮಿ, ಜೇಬಿನಿಂದ ಕಾರಿನ ಕೀ ತೆಗೆದ. "ಸರಿ, ಆಗಿದ್ದಾಯ್ತು. ಬನ್ನಿ, ಎಲ್ಲಾ ನನ್ನ ಕಾರಲ್ಲೇ ಹೋಗೋಣ. ಎಸಿ ಇದೆ."

"ಬೇಡ ಮಾಮ," ಎಂದಳು ಮಹತಿ. "ಇನ್ನೂ ವಾಪಸ್ ಹೋಗೋದು ಬಾಕಿ ಇದೆ. ನಾವು ಬಸ್ಸಲ್ಲಿ ಹೋಗ್ತೀವಿ. ನೀವೆಲ್ಲ ಆಮೇಲೆ ಬನ್ನಿ."

ಬಯ್ಯಪ್ಪ ಕೈ ಚಾಚಿ ಶ್ರೀಕರನ ಕೈಯಿಂದ ಕೀ ತೆಗೆದು ಮೇಜಿನ ಡ್ರಾಯರಿಗೆ ಹಾಕಿ, ಡ್ರಾಯರಿಗೆ ಮೊಣಕಾಲು ಕೊಟ್ಟು ಕೂತ. "ಹೋಗ್ಬನ್ನಿ ಪುಟ್ಟಮ್ಮ. ನೀವು ಚಿಂತಾಮಣಿ ಮುಟ್ಟಿದ ಸುದ್ದಿ ಬರೋಗಂಟ ಇವರು ಇಲ್ಲೇ ಇರ್ತಾರೆ. ನಾನು ಊಟ ಮಾಡ್ತೀನಿ."

ಬಸ್ಸು ಬಂತು. ಮಕ್ಕಳು ಅದರ ಬೋರ್ಡು ಓದಿದರು, ಕಂಡಕ್ಟರನ್ನು ಕೇಳಿ ಖಾತ್ರಿ ಮಾಡಿಕೊಂಡರು, ಹತ್ತಿದರು. ಅಕ್ಷಯಾ ಕಿಟಕಿಯಿಂದ ಕೈ ಬೀಸಿದಳು. ಮಹತಿ ಬೀಸಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವಾಗ ಮಾತ್ರ ಒಂದು ಸಲ ತಿರುಗಿ ನೋಡಿದಳು, ಯಾರಾದರೂ ಹಿಂದೆ ಓಡಿ ಬರುತ್ತಿದ್ದಾರೋ ಎಂದು. ಯಾರೂ ಓಡಿ ಬರಲಿಲ್ಲ. ಅಚ್ಯುತ ಚೌಕಿಯ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ನಿಂತಿದ್ದ.

ಆಮೇಲಿನ ಹೊತ್ತು ಬೆಂಚಿನ ಮೇಲೆ ಕೂತವರಿಗೆ ಸುಲಭವಾಗಿರಲಿಲ್ಲ. ಶ್ರೀಕರ ಉಗುರು ಕಚ್ಚಿದ. ಅನಂತರಾಮಯ್ಯ, ಬಸ್ಸಿನ ವೇಗ ಇಷ್ಟು, ದೂರ ಇಷ್ಟು ಎಂದು ಭಾಗಿಸಿ, ಪ್ರತಿ ಸಲ ಬೇರೆ ಉತ್ತರ ಬಂದು ಮತ್ತೆ ಭಾಗಿಸಿದರು. ಅಚ್ಯುತ ಬಯ್ಯಪ್ಪ ವಾಪಸು ಕೊಟ್ಟ ಫೋನನ್ನೇ ನೋಡುತ್ತಾ ಕೂತ. ಒಂದು ಸಲವೂ ತಾನಾಗಿ ಮಕ್ಕಳ ವಿಚಾರ ಕೇಳಲು ಫೋನ್ ಮಾಡಲಿಲ್ಲ. ಅವನ ಇಡೀ ಹೋಂ ಸ್ಕೂಲಿನಲ್ಲಿ ಅವನು ಸೀಯಿಸದೆ, ಒಡೆಯದೆ, ಮುಳುಗಿಸದೆ ಮಾಡಿದ ಕೆಲಸ ಇದೊಂದೇ.

ಕೊನೆಗೆ ಫೋನ್ ಹೊಡೆದುಕೊಂಡಿತು.

"ಮಕ್ಕಳು ಬಂದ್ರು," ಎಂದಳು ಪಂಕಜ. "ಕೈ ಕಾಲು ತೊಳ್ಕೊಂಡು ಊಟಕ್ಕೆ ಕೂತಿದಾರೆ. ನೀವು ಎಲ್ಲಿದೀರ?"

"ಆಫೀ..." ಎಂದು ಶುರುಮಾಡಿದ ಅಚ್ಯುತ ಬಯ್ಯಪ್ಪನ ಮುಖ ನೋಡಿ ತಡೆದ. "ಮುರುಗಮಲ್ಲ ಪೊಲೀಸ್ ಚೌಕಿ."

"ಸರಿ. ಜೋಪಾನವಾಗಿ ಬನ್ನಿ. ದಾರಿ ಗೊತ್ತಾಗದೇ ಇದ್ರೆ ಫೋನ್ ಮಾಡಿ, ಮಹತಿ ಹೇಳ್ತಾಳೆ."

ಸಂಜೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ವಿಷಯ ಹೇಗೋ ಗೊತ್ತಾಗಿ ಮುನಿಗಂಗಮ್ಮನೂ ಸಂಡಿಗೆ ಕೊಡುವ ನೆಪದಲ್ಲಿ ಬಂದು ಬಾಗಿಲ ಬಳಿ ಕೂತಳು. ಶ್ರೀಕರ ಕಾಫಿ ಲೋಟ ಕೆಳಗಿಟ್ಟು, ತನ್ನ ಮಗ ಇವತ್ತಿಗೂ ರಸ್ತೆ ದಾಟಬೇಕಾದರೆ ಡ್ರೈವರ್ ಕೈ ಹಿಡಿಯುತ್ತಾನೆಂದು, ಯಾರೂ ಕೇಳದೆಯೇ ಒಪ್ಪಿಕೊಂಡ. ಅಚ್ಯುತನ ಎದೆ ಮೆಲ್ಲಗೆ ಮತ್ತೆ ಉಬ್ಬತೊಡಗಿತು. ಏನೇ ಆಗಲಿ, ಮಕ್ಕಳು ಗೆದ್ದಿದ್ದರು. ಮಕ್ಕಳು ಗೆದ್ದರೆ ಪದ್ಧತಿ ಗೆದ್ದ ಹಾಗೆ.

"ಜೂನ್ ಹತ್ರ ಬಂತು," ಎಂದಳು ಪಂಕಜ. "ಇನ್ನು ನೀವೇ ಹೇಳಿ ಮಕ್ಕಳೇ. ಸ್ಕೂಲೋ, ಮನೆಯೋ?"

"ಸ್ಕೂಲು," ಎಂದಳು ಮಹತಿ ತಡಮಾಡದೆ. "ಅಲ್ಲಿ ವಾದ ಮಾಡೋಕೆ ಕ್ಲಾಸ್ ತುಂಬ ಜನ ಸಿಗ್ತಾರೆ. ಮನೇಲಿ ಅಪ್ಪ ಒಬ್ಬರೇ. ಬೇಗ ಸೋತೋಗ್ತಾರೆ."

"ಮನೆ," ಎಂದಳು ಅಕ್ಷಯಾ ಅಷ್ಟೇ ಗಟ್ಟಿಯಾಗಿ. "ಸ್ಕೂಲಲ್ಲಿ ಏನನ್ನೂ ಬಿಚ್ಚಿ ನೋಡೋಕೆ ಬಿಡಲ್ಲ. ಲೆಕ್ಕ ತಾತನ ಹತ್ರ ಕಲೀತೀನಿ. ಒಂದು ವರ್ಷ ನೋಡೋಣ."

ಜಗಲಿಯ ಕಡೆಗೆ ಎದ್ದು ಹೊರಟಿದ್ದ ಅನಂತರಾಮಯ್ಯ ತಿರುಗಿ ಬಂದು, ಅಂಗಿಯ ಗುಂಡಿ ಸರಿಮಾಡಿಕೊಂಡು ಕೂತರು.

ಅಚ್ಯುತ ಒಬ್ಬರಿಂದೊಬ್ಬರಿಗೆ ಮುಖ ತಿರುಗಿಸಿ ನೋಡಿದ. "ಇದು ಹೇಗಾಗುತ್ತೆ? ಒಂದೇ ಮನೆ, ಒಬ್ಬನೇ ಮೇಷ್ಟ್ರು, ಇಬ್ಬರಿಗೂ ಒಂದೇ ಪಾಠ ಹೇಳಿಕೊಟ್ಟೆ. ಒಬ್ಬಳು ಹಾಗಂತಾಳೆ, ಒಬ್ಬಳು ಹೀಗಂತಾಳೆ. ಎಲ್ಲಿ ತಪ್ಪಿತು ಪಂಕಜ?"

ಪಂಕಜ ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸಿಕೊಂಡು ಎದ್ದಳು.

"ಎಲ್ಲೂ ತಪ್ಪಿಲ್ಲ ಕಣ್ರೀ. ನೀವು ಹೇಳಿಕೊಟ್ಟಿದ್ದು ಇಬ್ಬರ ತಲೆಗೂ ಹತ್ತಿದೆ."